ಜೋಳದ ಡಬ್ಬಿಯೊಳಗಿನ ಮೂರು ಶೆಲ್ಲು

ಹೋದ ತಿಂಗಳು ನಮ್ಮ ಅಡುಗೆಮನೆಯ ಗೋಡೆ ಗಡಿಯಾರ ನಿಂತಿತು. ಸ್ಟೂಲು ಹಾಕಿಕೊಂಡು ಇಳಿಸಿ ಹಿಂದಿನ ಮುಚ್ಚಳ ತೆಗೆದರೆ ಒಳಗಿದ್ದ ಪುಟ್ಟ ಶೆಲ್ಲು ಸೋರಿ, ತುದಿಯ ಸುತ್ತ ಬಿಳಿ ಉಪ್ಪಿನಂಥದ್ದು ಗಟ್ಟಿಯಾಗಿ ಕೂತಿತ್ತು. ಅದರ ವಾಸನೆ ನಿಮಗೂ ಗೊತ್ತಿರಬೇಕು. ಹಳಸಿದ ಹುಣಸೆರಸಕ್ಕೆ ತುಕ್ಕು ಬೆರೆಸಿದ ಹಾಗೆ, ಮೂಗಿಗಿಂತ ಮೊದಲು ನಾಲಿಗೆಗೆ ತಾಗುವ ವಾಸನೆ. ತಾಗಿದ್ದೇ ತಡ, ಒಲೆಯ ಮೇಲೆ ಹಾಲಿಟ್ಟದ್ದನ್ನೂ ಮರೆತು ಸ್ಟೂಲಿನ ಮೇಲೆ ಕೂತುಬಿಟ್ಟೆ. ಹಾಲು ಉಕ್ಕಿ ಹೋಯಿತು. ಇಡೀ ಮನೆಯಲ್ಲಿ ನಾನು ಶೆಲ್ಲು ತೆಗೆದಿಡಲಾಗದ ವಸ್ತುವೆಂದರೆ ಆ ಗಡಿಯಾರ ಒಂದೇ, ಅದೇ ನನಗೆ ಹೀಗೆ ಮಾಡಿತು ಎಂದು ಸಿಟ್ಟೂ ಬಂತು. ಮಿಕ್ಕ ಎಲ್ಲದರಿಂದಲೂ ನಾನು ಶೆಲ್ಲು ತೆಗೆಯುತ್ತೇನೆ. ಟಾರ್ಚು, ರಿಮೋಟು, ಮೊಮ್ಮಗನ ಆಟಿಕೆಯ ರೈಲು, ತೂಕದ ಯಂತ್ರ, ಯಾವುದನ್ನೂ ಬಿಡುವುದಿಲ್ಲ. ಬಿಟ್ಟರೆ ಮಲಗಲಾಗುವುದಿಲ್ಲ, ಎದ್ದು ಹೋಗಿ ತೆಗೆದು ಬರುತ್ತೇನೆ. ಮನೆಗೆ ಯಾರೇ ಬರಲಿ, ನನ್ನ ಗಂಡ ಅವರ ಮುಂದೆ ಒಂದೇ ಹಾಡು ಹಾಡುತ್ತಾರೆ: “ನಮ್ಮ ಮನ್ಯಾಗ ಟಿವಿ ನೋಡೂದಂದ್ರ ಸುಮ್ನ ಅಲ್ಲರೀ. ಮೊದಲ ರಿಮೋಟಿನ ಶೆಲ್ ಎಲ್ಲದಾವ ಅಂತ ಹುಡಕಬೇಕು.” ಬಂದವರು ನಗುತ್ತಾರೆ, ನಾನೂ ನಗುತ್ತೇನೆ. ಇದು ಎಲ್ಲಿಂದ ಬಂತು ಎಂದು ಯಾರಿಗೂ ಹೇಳಿಲ್ಲ. ಹೇಳಬಾರದು ಎಂದು ಒಬ್ಬರಿಗೆ ಮಾತು ಕೊಟ್ಟಿದ್ದೆ. ಆ ಮಾತು ಯಾರ ಸಲುವಾಗಿ ಇತ್ತೋ ಅವರೂ ಹೋದ ವರ್ಷ ತೀರಿಕೊಂಡರು. ಈಗ ಹೇಳಬಹುದು ಎನಿಸುತ್ತದೆ.

ನಾನು ಹುಬ್ಬಳ್ಳಿಯ ಒಂದು ಸಾಲೆಯಲ್ಲಿ ಮಾಸ್ತರಿಕೆ ಮಾಡುತ್ತೇನೆ, ಇರುವುದು ಧಾರವಾಡದಲ್ಲಿ. ದಿನಕ್ಕೆ ಎರಡು ಸಲ ಬಸ್ಸು ಉಣಕಲ್ ದಾಟುತ್ತದೆ. ಕೆರೆ ಕಾಣಿಸಿ ಸ್ವಲ್ಪ ಹೊತ್ತಿಗೆ, ರಸ್ತೆ ಅಗಲವಾಗಿ ನೇರವಾಗುವ ಒಂದು ಕಡೆ ಬಂದಾಗ, ನಾನು ಓದುತ್ತಿದ್ದರೆ ಓದುವುದನ್ನು ನಿಲ್ಲಿಸುತ್ತೇನೆ, ಮಾತಾಡುತ್ತಿದ್ದರೆ ಮಾತು ತಪ್ಪುತ್ತೇನೆ. ಕಾಲನ್ನು ಸ್ವಲ್ಪ ಮೇಲೆತ್ತಿಯೂ ಹಿಡಿಯುತ್ತೇನಂತೆ, ಪಕ್ಕದಲ್ಲಿ ಕೂರುವ ಗೆಳತಿ ಹೇಳಿದ ಮೇಲೆಯೇ ನನಗೆ ತಿಳಿದದ್ದು. ಅಲ್ಲಿ ನಮ್ಮ ಮನೆಯಿತ್ತು. ಮನೆಯ ಮುಂದಿನ ಅಂಗಳದಲ್ಲಿ ನಮ್ಮ ಹಗೇವು ಇತ್ತು. ಹಗೇವು ಎಂದರೆ ನೆಲದೊಳಗಿನ ಕಣಜ, ಜೋಳ ತುಂಬಿಡುವ ಆಳದ ಕುಣಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು ದೊಡ್ಡದು. ರಸ್ತೆ ಅಗಲ ಮಾಡುವಾಗ ಮನೆ ಕೆಡವಿದರು, ಹಗೇವಿಗೆ ಎರಡು ಲಾರಿ ಮಣ್ಣು ಸುರಿದು ಮುಚ್ಚಿದರು. ಈಗ ಅದರ ಮೇಲೆ ನನ್ನನ್ನು ಕೂಡಿಸಿಕೊಂಡು ಎಸಿ ಬಸ್ಸು ಓಡುತ್ತದೆ. ನೋಡಿ, ಮೊದಲು ಮನೆಯ ಬಗ್ಗೆ ಹೇಳಬೇಕು, ನಾನು ಆಗಲೇ ಕೆಡವಿದ ಸುದ್ದಿಗೆ ಬಂದುಬಿಟ್ಟೆ. ನನಗೆ ಯಾವುದನ್ನೂ ನಿಧಾನವಾಗಿ ಹೇಳಲು ಬರುವುದಿಲ್ಲ.

ಮನೆ ಮಣ್ಣಿನ ಮಾಳಿಗೆಯದು. ಒಳಗೆ ಕಾಲಿಟ್ಟರೆ ಎಡಕ್ಕೆ ಎತ್ತುಗಳು, ಬಲಕ್ಕೆ ಕಟ್ಟೆ, ನಡುವೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅದಕ್ಕೂ ಹಿಂದೆ ಕಿಟಕಿಯಿಲ್ಲದ ಅಡಕಲ ಕೋಣೆ. ಅಲ್ಲಿ ಗಡಿಗೆಯ ಮೇಲೆ ಗಡಿಗೆ ಜಂತಿಯವರೆಗೆ ಏರಿದ್ದವು. ಬೇಸಿಗೆಯಲ್ಲೂ ಆ ಕೋಣೆ ತಣ್ಣಗಿರುತ್ತಿತ್ತು. ಸೆಗಣಿ ಸಾರಿಸಿದ ನೆಲ, ಒಣ ಮೆಣಸಿನಕಾಯಿ, ಹಳೆಯ ಕೌದಿ, ಬೆಲ್ಲ, ಇವೆಲ್ಲ ಸೇರಿದ ಒಂದು ವಾಸನೆ ಅಲ್ಲಿ ಮೂರೂ ಕಾಲ ನಿಂತಿರುತ್ತಿತ್ತು. ಅಪ್ಪ ಉಪ್ಪಿನಬೆಟಗೇರಿಯ ಸಾಲೆಯಲ್ಲಿ ಮಾಸ್ತರು, ಶನಿವಾರ ಬಂದು ಸೋಮವಾರ ಹೋಗುವವರು. ಹೊಲ ನೋಡಿಕೊಳ್ಳುತ್ತಿದ್ದವರು ಅಪ್ಪನ ತಮ್ಮ, ಫಕ್ಕೀರಪ್ಪ ಕಾಕಾ. ಮನೆ ನೋಡಿಕೊಳ್ಳುತ್ತಿದ್ದವಳು ಅವರಿಬ್ಬರ ನಡುವೆ ಹುಟ್ಟಿದ ನೀಲತ್ತಿ. ಅವ್ವ ಇದ್ದಳು, ಆದರೆ ಬೀಗದ ಕೈಗೊಂಚಲು ನೀಲತ್ತಿಯ ಸೊಂಟದಲ್ಲಿತ್ತು. ಅದರ ಬಗ್ಗೆ ಅವ್ವನಿಗೆ ಅಸಮಾಧಾನವಿದ್ದುದನ್ನು ನಾನು ಕಾಣಲಿಲ್ಲ. ನೀಲತ್ತಿಯ ಕೈಯಲ್ಲಿ ಯಾವುದೂ ಕೆಡುತ್ತಿರಲಿಲ್ಲವಲ್ಲ, ಇನ್ನು ಜಗಳ ಯಾತಕ್ಕೆ.

ಕೆಡುತ್ತಿರಲಿಲ್ಲ ಎಂಬುದೇ ಅವಳ ಬದುಕಾಗಿತ್ತು. ಮದುವೆಯಾಗಿ ಎರಡೇ ವರ್ಷಕ್ಕೆ ಅವಳನ್ನು ತವರಿಗೆ ಕಳಿಸಿದ್ದರು. ಅವಳು ಹಾಕಿದ ಉಪ್ಪಿನಕಾಯಿ ಬೂಸ್ಟು ಹಿಡಿಯಿತು, ಅವಳು ಹಿಂಡುತ್ತಿದ್ದ ಎಮ್ಮೆ ಬತ್ತಿತು, ಇವಳ ಕೈಗುಣ ಸರಿಯಿಲ್ಲ, ಅಂದರಂತೆ. ಅಷ್ಟು ಸಾಕಾಯಿತು ಒಬ್ಬ ಹೆಣ್ಣುಮಗಳನ್ನು ಗಂಟುಮೂಟೆ ಸಮೇತ ಚಕ್ಕಡಿ ಹತ್ತಿಸಲು. ಈಗ ನೆನೆದರೆ ಮೈ ಉರಿಯುತ್ತದೆ. ನೀಲತ್ತಿ ಅತ್ತದ್ದನ್ನು ಯಾರೂ ನೋಡಲಿಲ್ಲವಂತೆ. ಬಂದವಳೇ ಆ ಬೇಸಿಗೆಯಲ್ಲಿ ಒಂದು ದೊಡ್ಡ ಭರಣಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿದಳು. ಅದನ್ನು ಮೂರು ವರ್ಷ ಇಟ್ಟಳು. ಕೆಡಲಿಲ್ಲ. ಮೂರನೆಯ ವರ್ಷ ಓಣಿಯ ಮನೆಮನೆಗೂ ಎರಡೆರಡು ಹೋಳು ಹಂಚಿ ಬಂದಳು. ಬಾಯಿಬಿಟ್ಟು ಏನೂ ಹೇಳಲಿಲ್ಲ, ಹಂಚಿದಳು ಅಷ್ಟೆ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಬೀಜದ ಕಾಳು, ತುಪ್ಪ, ಔಷಧಿ ಬೇರು, ಮಕ್ಕಳ ಜಾತಕ, ಯಾವುದನ್ನು ಬಹಳ ದಿನ ಇಡಬೇಕಾದರೂ ನೀಲತ್ತಿಯ ಕೈಗೆ ಕೊಡುತ್ತಿದ್ದರು.

ಬ್ಯಾಟರಿಯೂ ಹಾಗೆಯೇ ಅವಳ ಕೈಗೆ ಹೋಯಿತು. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎನ್ನುತ್ತಾರೆ, ಒಳಗೆ ಹಾಕುವುದಕ್ಕೆ ಶೆಲ್ಲು. ಮೂರು ಶೆಲ್ಲಿನ, ಮೊಳದುದ್ದದ ಉಕ್ಕಿನ ಬ್ಯಾಟರಿ ಅದು. ಮನೆಯ ದಿನದ ಕೆಲಸಕ್ಕೆ ಕಂದೀಲು, ಚಿಮಣಿ, ಆಮೇಲೆ ಬಲ್ಬು ಇದ್ದವು. ಬ್ಯಾಟರಿ ಹೊರಗೆ ಬರುತ್ತಿದ್ದದ್ದು ವರ್ಷಕ್ಕೆ ಒಂದೋ ಎರಡೋ ಸಲ, ಮುಖ್ಯವಾಗಿ ಹಗೇವು ತೆಗೆಯುವ ದಿನ. ಶೆಲ್ಲನ್ನು ಒಳಗೇ ಬಿಟ್ಟರೆ ಸೋರುತ್ತವೆ, ಬ್ಯಾಟರಿಯನ್ನೂ ತಿನ್ನುತ್ತವೆ ಎಂದು ಮೂಲೆಯಂಗಡಿಯ ಹುಸೇನಸಾಬ ಹೇಳಿಕೊಟ್ಟಿದ್ದ. ಛತ್ರಿ, ಸ್ಟೋವು, ಬ್ಯಾಟರಿ ಎಲ್ಲ ರಿಪೇರಿ ಮಾಡುವವನು ಅವನು. “ಕೆಲಸಾ ಮುಗದ ಕೂಡ್ಲೆ ಹೊರಗ ತಗೀಬೇಕ್ರೀ ಅಕ್ಕಾರ. ಒಂದಕ್ಕೊಂದು ತಾಕಲಾರಧಂಗ ಬ್ಯಾರೆ ಬ್ಯಾರೆ ಇಡ್ರಿ. ಒಲಿ ಹತ್ರ ಬ್ಯಾಡ, ಹಸಿ ಗ್ವಾಡಿ ಹತ್ರ ಬ್ಯಾಡ. ಹಳೇದು ಹೊಸಾದು ಕೂಡಸಬ್ಯಾಡ್ರಿ.” ನೀಲತ್ತಿ ಅದನ್ನು ಮಂತ್ರದ ಹಾಗೆ ಹಿಡಿದುಕೊಂಡಳು. ಹಗೇವಿನ ಕೆಲಸ ಮುಗಿದ ಸಂಜೆ ಅವಳು ಕಟ್ಟೆಯ ಮೇಲೆ ಕಾಲು ಚಾಚಿ ಕೂರುತ್ತಿದ್ದಳು. ಶೆಲ್ಲುಗಳನ್ನು ಒಂದೊಂದಾಗಿ ಮಡಿಲಿಗೆ ಜಾರಿಸಿಕೊಂಡು ತುದಿಗಳನ್ನು ಒಣ ಅರಿವೆಯಿಂದ ಒರೆಸುತ್ತಿದ್ದಳು. ಬ್ಯಾಟರಿಯ ಹಿಂದಿನ ಸ್ಪ್ರಿಂಗನ್ನೂ ಒರೆಸುತ್ತಿದ್ದಳು. ಆಮೇಲೆ ಒಂದೊಂದಕ್ಕೂ ಬೇರೆ ಬೇರೆ ಕಾಗದ ಸುತ್ತಿ, ಕೊನೆಯನ್ನು ಒಳಗೆ ಮಡಿಸಿ, ಒಣ ಜೋಳ ತುಂಬಿದ ತಗಡಿನ ಡಬ್ಬಿಯಲ್ಲಿ ಕುತ್ತಿಗೆಯವರೆಗೆ ಹೂಳುತ್ತಿದ್ದಳು. ಡಬ್ಬಿ ಅಡಕಲ ಕೋಣೆಯ ಗೂಡಿಗೆ, ಖಾಲಿ ಬ್ಯಾಟರಿ ಅಲ್ಲಿಯೇ ಗೂಟಕ್ಕೆ. ಮುಂದಿನ ವರ್ಷ ತೆಗೆದು ಜೋಡಿಸಿ ಕೊಡುವಾಗ ಅವಳು ಒಮ್ಮೆಯೂ ಹಚ್ಚಿ ನೋಡುತ್ತಿರಲಿಲ್ಲ. ಸೀದಾ ಕಾಕಾನ ಕೈಗೆ ಕೊಡುತ್ತಿದ್ದಳು. ಕಾಕಾ ಗುಂಡಿ ಸರಿಸುತ್ತಿದ್ದ, ಬೆಳಕು ಬೀಳುತ್ತಿತ್ತು. ಆಗ ನೀಲತ್ತಿ ಸೆರಗಿನಿಂದ ಮುಖ ಒರೆಸಿಕೊಂಡು, ತನಗೇನೂ ಸಂಬಂಧವಿಲ್ಲದವಳ ಹಾಗೆ ಒಳಗೆ ಹೋಗುತ್ತಿದ್ದಳು. ಆ ನಡಿಗೆಯಲ್ಲಿದ್ದ ಬಿಗುಮಾನ ಈಗಲೂ ನನ್ನ ಕಣ್ಣಿಗೆ ಕಟ್ಟಿದೆ.

ಅಜ್ಜನ ಕಾಲದಲ್ಲಿ ಹಗೇವಿಗೆ ಮೊದಲು ಇಳಿಯುತ್ತಿದ್ದದ್ದು ಕಂದೀಲು. ಹಗ್ಗಕ್ಕೆ ಕಟ್ಟಿ ಬಿಡುತ್ತಿದ್ದರು. ಒಳಗೆ ಕಾಳು ಬೆವತು ಕೆಟ್ಟಿದ್ದರೆ ಗಾಳಿಯೂ ಕೆಟ್ಟಿರುತ್ತದೆ, ದೀಪ ಆರುತ್ತದೆ. ದೀಪ ಆರಿದ ಕಡೆ ಮನುಷ್ಯ ಇಳಿಯಬಾರದು. ಬ್ಯಾಟರಿ ಬಂದ ಮೇಲೆ ಆ ಪದ್ಧತಿ ತಾನಾಗಿ ಬಿಟ್ಟುಹೋಯಿತು. ಯಾರೂ ಬಿಡಬೇಕೆಂದು ಬಿಡಲಿಲ್ಲ. ಬೆಳಕು ಬೇಕಿತ್ತು, ಬೆಳಕು ಬಂತು, ಚಿಮಣಿಎಣ್ಣೆ ಉಳಿಯಿತು, ಅಷ್ಟೇ ಎಲ್ಲರಿಗೂ ಕಂಡದ್ದು. ಬ್ಯಾಟರಿಗೆ ಒಳ್ಳೆಯ ಗಾಳಿಯೂ ಒಂದೇ, ಕೆಟ್ಟ ಗಾಳಿಯೂ ಒಂದೇ ಎಂದು ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಬಾಯಿಯ ಕಲ್ಲು ಸರಿಸಿ, ಒಂದು ತಾಸು ಬಿಟ್ಟು, ಬ್ಯಾಟರಿಯ ಬೆಳಕು ಹಾಯಿಸಿ ನೋಡಿ, ಕಾಕಾ ಇಳಿದುಬಿಡುತ್ತಿದ್ದ.

ಈಗ ನನ್ನ ಕಳವಿಗೆ ಬರುತ್ತೇನೆ. ನನಗೆ ಆಗ ಹತ್ತು ವರ್ಷ. ಬೇಸಿಗೆಯ ಸೂಟಿ. ಮಧ್ಯಾಹ್ನ ಊಟವಾಗಿ ಮನೆಯೆಲ್ಲ ಮಲಗಿದರೆ ನನ್ನೊಬ್ಬಳಿಗೆ ನಿದ್ದೆ ಬರುತ್ತಿರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಅವ್ವ ಬಯ್ಯುತ್ತಿದ್ದಳು. ಅಡಕಲ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡರೆ ಒಳಗೆ ಕಗ್ಗತ್ತಲು. ಡಬ್ಬಿಯೊಳಗೆ ಕೈ ಹಾಕಿ ಜೋಳದಿಂದ ಶೆಲ್ಲುಗಳನ್ನು ಎಳೆದು, ಕಾಗದ ಬಿಚ್ಚಿ, ಬ್ಯಾಟರಿಗೆ ತುಂಬಿ, ಗೋಡೆಯ ಮೇಲೆ ಬೆರಳಿನ ನೆರಳು ಮಾಡುವುದು ನನ್ನ ಆಟ. ಎತ್ತು, ಹದ್ದು, ಮೊಲ, ಹುಸೇನಸಾಬನ ಗಡ್ಡ. ನಡುವೆ ಸುಮ್ಮನೆ ಬೆಳಕನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಬೆರಳಿನ ಸಂದು ಕೆಂಪಗಾಗುವುದನ್ನು ನೋಡುತ್ತಿದ್ದೆ. ಹೊಸ ಶೆಲ್ಲು ಅವು, ಕಣ್ಣು ಕುಕ್ಕುವ ಬೆಳಕು. ನಾಲ್ಕು ದಿನ ಹೀಗೆ ನಡೆಯಿತು. ಆಟ ಮುಗಿದ ಮೇಲೆ ನೀಲತ್ತಿ ಮಾಡುವಂತೆಯೇ ಒರೆಸಿ, ಸುತ್ತಿ, ಹೂತು ಬರುತ್ತಿದ್ದೆ. ಐದನೆಯ ದಿನ ಹೊರಗೆ ಅವಳ ಬೀಗದ ಕೈಗೊಂಚಲಿನ ಸದ್ದು ಕೇಳಿತು. ಗುಂಡಿ ಸರಿಸಿದೆನೋ ಇಲ್ಲವೋ, ಬ್ಯಾಟರಿಯನ್ನು ಕೌದಿಗಳ ರಾಶಿಯ ತಳಕ್ಕೆ ತುರುಕಿ, ಬೆಲ್ಲ ಕದಿಯಲು ಬಂದವಳ ಹಾಗೆ ನಟಿಸಿದೆ. ಬೆನ್ನಿಗೆ ಒಂದು ಗುದ್ದು ಬಿತ್ತು, ಕೈಗೆ ಒಂದು ತುಂಡು ಬೆಲ್ಲವೂ ಬಂತು. ಮರುದಿನ ಮಧ್ಯಾಹ್ನದವರೆಗೆ ಆ ಕೋಣೆಗೆ ಹೋಗಲಾಗಲಿಲ್ಲ. ಹೋಗಿ ಕೌದಿ ಎತ್ತಿದರೆ ಬಲ್ಬಿನೊಳಗಿನ ತಂತಿ ಕೆಂಡದ ಚುಕ್ಕೆಯ ಹಾಗೆ ಕೆಂಪಗಿತ್ತು. ನಾನು ನೋಡುತ್ತಿದ್ದ ಹಾಗೆಯೇ ಅದೂ ಹೋಯಿತು. ಇಡೀ ದಿನ, ಇಡೀ ರಾತ್ರಿ ಅದು ಕೌದಿಯೊಳಗೆ ಉರಿದಿತ್ತು. ಸತ್ತ ಶೆಲ್ಲುಗಳನ್ನು ನಾನು ಒರೆಸಿದೆ, ಸುತ್ತಿದೆ, ಕೊನೆಯನ್ನು ಒಳಗೆ ಮಡಿಸಿದೆ, ಜೋಳದಲ್ಲಿ ಹೂತೆ. ಅಷ್ಟು ಚೊಕ್ಕವಾಗಿ ಮಾಡಿದೆ ಎಂದರೆ ನೀಲತ್ತಿಗೇ ಗೊತ್ತಾಗಲಿಲ್ಲ.

ಆ ತಿಂಗಳ ಕೊನೆಯಲ್ಲಿ ಹಗೇವು ತೆಗೆಯುವುದೆಂದಾಯಿತು. ಜೋಳಕ್ಕೆ ಗಿರಾಕಿ ಸಿಕ್ಕು ಟ್ರ್ಯಾಕ್ಟರು ಬಂದು ಅಂಗಳದಲ್ಲಿ ನಿಂತಿತ್ತು. ಕಲ್ಲು ಸರಿಸಿ ಅರ್ಧ ತಾಸೂ ಆಗಿರಲಿಲ್ಲ, ಕೆರೆಯ ಕಡೆಯಿಂದ ಕರಿ ಮೋಡ ಎದ್ದಿತು. ಬಾಯಿ ತೆರೆದ ಹಗೇವಿಗೆ ಮಳೆ ಬಿದ್ದರೆ ವರ್ಷದ ಕಾಳು ಮಣ್ಣುಪಾಲು. ಕಾಕಾ ಧೋತರ ಮೇಲೆ ಕಟ್ಟಿ, ಒಂದು ಕಾಲನ್ನು ಆಗಲೇ ಬಾಯೊಳಗೆ ಇಳಿಬಿಟ್ಟು ಕೂತು ಕೂಗುತ್ತಿದ್ದ. “ಅಕ್ಕಾ, ಲಗೂ ಬ್ಯಾಟರಿ ತಾ! ಮಳಿ ಹೊಡೀತಂದ್ರ ಮುಗೀತು!” ನೀಲತ್ತಿ ಎಂದಿನ ಹಾಗೆ ಜೋಡಿಸಿ, ಹಚ್ಚಿ ನೋಡದೆ, ಅವನ ಕೈಗಿಟ್ಟು ತಿರುಗಿದಳು. ನಾನು ಕಟ್ಟೆಯ ಕಂಬ ಹಿಡಿದು ನಿಂತಿದ್ದೆ. ಕಾಕಾ ಗುಂಡಿ ಸರಿಸಿದ. ಏನೂ ಆಗಲಿಲ್ಲ. ಅಲ್ಲಾಡಿಸಿದ, ಅಂಗೈಗೆ ಬಡಿದ, ತುದಿಗಳನ್ನು ಉಜ್ಜಿ ಮತ್ತೆ ಹಾಕಿದ. “ಏನಕ್ಕಾ ಇದು? ಸತ್ತ ಶೆಲ್ ಇಟ್ಟೀಯಲ್ಲ!” ಟ್ರ್ಯಾಕ್ಟರಿನವರು, ಹಮಾಲರು, ಓಣಿಯವರು, ಎಲ್ಲರ ಮುಂದೆ. ನೀಲತ್ತಿ ಅರ್ಧ ದಾರಿಯಲ್ಲಿ ನಿಂತಳು.

“ಕಂದೀಲರ ಹಚ್ಚಿ ತರ್ರಿ ವೈನಿ,” ಎಂದು ಕಾಕಾ ಅವ್ವನಿಗೆ ಕೂಗಿದ. ಅವ್ವ ಗಾಜು ಒರೆಸಿ, ಹಚ್ಚಿ ತಂದಳು. ಹಗ್ಗಕ್ಕೆ ಕಟ್ಟಿ ಬಿಟ್ಟರು. ಒಂದಾಳುದ್ದ ಇಳಿಯುವಷ್ಟರಲ್ಲಿ ಜ್ವಾಲೆ ಕುಗ್ಗಿ, ನೀಲಿಯಾಗಿ, ಆರಿತು. ಗಾಳಿಗೆ ಆರಿತೇನೋ ಎಂದು ಎಳೆದು ಮತ್ತೆ ಹಚ್ಚಿ ಬಿಟ್ಟರು. ಅದೇ ಆಳದಲ್ಲಿ ಮತ್ತೆ ಆರಿತು. ಮೂರನೆಯ ಸಲ ಬಿಡಲು ಯಾರಿಗೂ ಧೈರ್ಯವಾಗಲಿಲ್ಲ. ಕಾಕಾ ಮೆಲ್ಲಗೆ ತನ್ನ ಕಾಲನ್ನು ಹೊರಗೆ ಎಳೆದುಕೊಂಡ. ಎರಡೂ ಕೈಯಿಂದ ಆ ಕಾಲನ್ನು ಹಿಡಿದುಕೊಂಡು ನೆಲದ ಮೇಲೆ ಕೂತ. “ಇಳದಿದ್ನೆಂದ್ರ...” ಎಂದ. ಅವ್ವ ಗೋಳೋ ಎಂದು ಅಳಲು ಶುರುಮಾಡಿದಳು. ಮಳೆ ಮಾತ್ರ ಬರಲೇ ಇಲ್ಲ, ಮೋಡ ಹಾಗೆಯೇ ದಾಟಿ ಹೋಯಿತು. ಮರುದಿನ ಇಡೀ ದಿನ ಬಾಯಿ ತೆರೆದಿಟ್ಟು, ಕಂಬಳಿ ಬೀಸಿ ಗಾಳಿ ಆಡಿಸಿ, ಕಂದೀಲು ತಳದಲ್ಲಿ ಉರಿಯುವುದನ್ನು ನೋಡಿದ ಮೇಲೆಯೇ ಇಳಿದರು. ತಳದ ಜೋಳ ನೀರು ಜಿನುಗಿ ಕಪ್ಪಗೆ ಕೊಳೆತಿತ್ತು.

ಕಂದೀಲು ಆರಿದ ದಿನವೇ ಸಂಜೆ, ಕಾಕಾ ಬದುಕಿದ ಖುಷಿಯಲ್ಲಿ, ಮನೆಯಲ್ಲಿ ಕಾಯಿ ಒಡೆದರು, ಸಜ್ಜಕ ಮಾಡಿದರು. ನೀಲತ್ತಿ ಕಟ್ಟೆಯ ಮೇಲೆ ಮೂರು ಶೆಲ್ಲುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಒರೆಸುತ್ತಿದ್ದಳು, ತಿರುಗಿಸಿ ನೋಡುತ್ತಿದ್ದಳು, ಮತ್ತೆ ಒರೆಸುತ್ತಿದ್ದಳು. ಎದುರುಮನೆಯ ಶಿವಕ್ಕ ಸಜ್ಜಕ ತಿನ್ನುತ್ತಾ, ಹವಾಮಾನದ ಸುದ್ದಿ ಹೇಳಿದಷ್ಟೇ ಸಹಜವಾಗಿ ಅಂದಳು: “ದೇವರು ದೊಡ್ಡಾಂವ ಬಿಡ್ರಿ. ಆದ್ರೂ ನೀಲವ್ವನ ಕೈಗುಣ ನೋಡ್ರಿ, ಇಟ್ಟ ಶೆಲ್ಲೂ ಉಳೀಲಿಲ್ಲ.” ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ನನಗೆ ಇಂದಿಗೂ ತಡೆಯಲಾಗದ್ದು. ನೀಲತ್ತಿ ತಲೆ ಎತ್ತಲಿಲ್ಲ. ಪಡಸಾಲೆಯಲ್ಲಿ ಗೋಣಿಚೀಲದ ಮೇಲೆ ಹಿಂದಿನ ದಿನ ತಂದ ಎರಡು ಬುಟ್ಟಿ ಮಾವಿನಕಾಯಿ ಹರವಿಟ್ಟಿದ್ದವು. ಮರುದಿನ ಬೆಳಿಗ್ಗೆ ಅವಳು ಅವ್ವನಿಗೆ ಹೇಳಿದಳು, “ವೈನಿ, ಈ ಸಲ ಉಪ್ಪಿನಕಾಯಿ ನೀವ ಹಾಕ್ರಿ.” ಅವ್ವ ಯಾಕೆಂದು ಕೇಳಿದಳು. “ಬ್ಯಾಡ, ನೀವ ಹಾಕ್ರಿ,” ಎಂದಳು. ಈ ಸಲ ಎಂದದ್ದು ಎಲ್ಲ ಸಲವೂ ಆಯಿತು. ಕಾಯಿ ತರುವುದು, ಒರೆಸುವುದು, ಖಾರ ಕುಟ್ಟುವುದು ಎಲ್ಲ ಮಾಡುತ್ತಿದ್ದಳು, ಭರಣಿಗೆ ಕೈ ಹಾಕುವ ಹೊತ್ತಿಗೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಶೆಲ್ಲುಗಳನ್ನು ಇಡುವುದನ್ನು ಬಿಡಲಿಲ್ಲ, ಆದರೆ ಈಗ ಪ್ರತಿ ಸೋಮವಾರ ತೆಗೆದು, ಜೋಡಿಸಿ, ಹಚ್ಚಿ, ನೋಡಿ, ಮತ್ತೆ ಬಿಚ್ಚಿ ಇಡುತ್ತಿದ್ದಳು. ಕೆಲವೊಮ್ಮೆ ಅಂದೇ ಸಂಜೆ ಎದ್ದು ಹೋಗಿ ಇನ್ನೊಮ್ಮೆ. ಅವಳ ಆ ಚಡಪಡಿಕೆ ನೋಡನೋಡುತ್ತಲೇ ನನ್ನೊಳಗೆ ಇಳಿಯಿತು.

ಹೇಳಬೇಕಿತ್ತು ಅನ್ನುತ್ತೀರಿ. ನನಗೂ ಗೊತ್ತು. ಮೊದಲ ವರ್ಷ ಬಡಿತದ ಹೆದರಿಕೆ. ಆಮೇಲೆ ಒಮ್ಮೆ, ಎಂಟನೆಯ ಇಯತ್ತೆಯಲ್ಲಿದ್ದಾಗ, “ಅತ್ತಿ, ಆ ಶೆಲ್...” ಎಂದು ಬಾಯಿ ತೆರೆದಿದ್ದೆ. “ಆ ಸುದ್ದಿ ತಗೀಬ್ಯಾಡ ಕಸ್ತೂರಿ,” ಎಂದಳು, ಎದ್ದು ಹೋದಳು. ಅಷ್ಟರಲ್ಲಿ ಕಾಕಾನ ಕತೆ ಬೆಳೆದುಬಿಟ್ಟಿತ್ತು. ಮದುವೆಯಿರಲಿ, ತೊಟ್ಟಿಲಿರಲಿ, ಊಟದ ಪಂಕ್ತಿ ಎದ್ದ ಮೇಲೆ ಕಾಕಾ ಎಲೆ ಅಡಿಕೆ ಹಾಕಿಕೊಂಡು ಶುರುಮಾಡುತ್ತಿದ್ದ: “ನಮ್ಮ ಅಕ್ಕನ ಶೆಲ್ ಕೆಟ್ಟಿದ್ದಕ್ಕ ನಾ ಇವತ್ತ ನಿಮ್ಮ ಮುಂದ ಕುಂತೇನಿ ನೋಡ್ರಿ!” ಆರಿದ ಕಂದೀಲು, ಹೊರಗೆ ಎಳೆದ ಕಾಲು, ಎಲ್ಲವನ್ನೂ ನಟಿಸಿ ತೋರಿಸುತ್ತಿದ್ದ. ಜನ ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದರು. ಕಾಕಾನ ಮಟ್ಟಿಗೆ ಅದು ಅಕ್ಕನ ಹೊಗಳಿಕೆ. ಪ್ರತಿವರ್ಷ ಹಗೇವಿನ ದಿನ ಅವಳಿಗೊಂದು ಇಳಕಲ್ ಸೀರೆ ತಂದು ಕಾಲಿಗೆ ಬೀಳುತ್ತಿದ್ದ. ನೀಲತ್ತಿ ಸೀರೆ ಇಸಿದುಕೊಂಡು, ಅವನ ತಲೆಯ ಮೇಲೆ ಕೈಯಿಡಲು ಹೋಗಿ, ಇಡದೆ ಹಿಂದೆ ತೆಗೆಯುತ್ತಿದ್ದಳು. ಅದನ್ನು ಕಂಡವಳು ನಾನೊಬ್ಬಳೇ. ಕಂಡೂ ಸುಮ್ಮನಿದ್ದೆ. ನನ್ನ ಮದುವೆಯಾಯಿತು, ಕೆಲಸ ಸಿಕ್ಕಿತು, ಅಪ್ಪ ಅವ್ವ ಹೋದರು, ರಸ್ತೆಗಾಗಿ ಮನೆ ಹೋಯಿತು. ಕೆಡವುವ ದಿನ ನೀಲತ್ತಿ ಭರಣಿಗಳನ್ನು ಕೇಳಲಿಲ್ಲ. ಡಬ್ಬಿ ಮತ್ತು ಬ್ಯಾಟರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕಾಕಾನ ಹೊಸ ಮನೆಗೆ ಹೋದಳು.

ಏಳು ವರ್ಷದ ಹಿಂದೆ, ಬೇಸಿಗೆಯಲ್ಲೇ, ಅವಳಿಗೆ ಉಸಿರು ಕಟ್ಟುತ್ತದೆಂದು ಸತ್ತೂರಿನ ಆಸ್ಪತ್ರೆಗೆ ಸೇರಿಸಿದರು. ನನಗೂ ಸಾಲೆಯ ಸೂಟಿ, ಹೋಗಿ ಕೂತಿದ್ದೆ. ಮಧ್ಯಾಹ್ನ ನರ್ಸು ಬಂದು ಸಲಾಯಿನ್ ಬದಲಿಸುತ್ತಿದ್ದಾಗ ಕಾಕಾ ಅವಳಿಗೂ ಶುರುಮಾಡಿದ: “ಸಿಸ್ಟರ್, ಈ ನಮ್ಮ ಅಕ್ಕ ಸಾಮಾನ್ಯದಕಿ ಅಲ್ಲ. ಈಕಿ ಇಟ್ಟ ಶೆಲ್ ಕೆಟ್ಟಿದ್ದಕ್ಕ...” ಆ ಹುಡುಗಿ ನಕ್ಕಳು. ನೀಲತ್ತಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಕಾಕಾ ಚಹಾ ತರಲು ಹೋದ. ನನಗೆ ಇನ್ನು ಕೂರಲಾಗಲಿಲ್ಲ, ಎದ್ದು ನಿಂತೇ ಹೇಳಿದೆ.

“ಅತ್ತಿ, ಆ ಶೆಲ್ ಕೆಟ್ಟಿದ್ದಿಲ್ಲ. ಆಟಾ ಆಡಾಕ ನಾ ತಗೊಂಡಿದ್ದೆ. ಹಚ್ಚಿದ್ದು ಹಂಗ ಕೌದ್ಯಾಗ ಇಟ್ಟ ಓಡಿದೆ. ಎಲ್ಲಾ ಖಾಲಿ ಆದಮ್ಯಾಲೆ ನಿನ್ನಂಗ ಸುತ್ತಿ ಡಬ್ಯಾಗ ಇಟ್ಟೆ.”

ಅವಳು ಗೋಡೆಯ ಕಡೆಯಿಂದ ಮುಖ ತಿರುಗಿಸಿದಳು.

“ಮೂರೂ?” ಎಂದಳು.

“ಮೂರೂ.”

“ನೀ ತಗದಾಗ ಛಲೋ ಇದ್ದುವೇನ?”

“ಕಣ್ಣ ಕುಕ್ಕೂವಂಥಾ ಬೆಳಕ ಇತ್ತ ಅತ್ತಿ.”

ಅವಳು ಬಲಗೈಯನ್ನು ಮೆಲ್ಲಗೆ ಎತ್ತಿದಳು. ಸೂಜಿ ಚುಚ್ಚಿ ಪಟ್ಟಿ ಅಂಟಿಸಿದ್ದ ಕೈ. ಅಂಗೈ ತಿರುಗಿಸಿ ನೋಡಿದಳು, ಹಿಂಗೈ ನೋಡಿದಳು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿದಳು. “ಹಂಗಾರ ನನ್ನ ಕೈದೇನೂ ತಪ್ಪಿದ್ದಿಲ್ಲ,” ಎಂದಳು. ನಾನು ಅಳುತ್ತಿದ್ದೆ. ಕಾಕಾನಿಗೆ ಹೇಳುತ್ತೇನೆ, ಎಲ್ಲರ ಮುಂದೆಯೂ ಹೇಳುತ್ತೇನೆ ಎಂದೆ. “ಬ್ಯಾಡ. ಅಂವಾ ಆ ಕತಿ ಹೇಳಿಕೋತನ ಬದಕ್ಯಾನ. ಅಂವಾ ಇರೋತನಕ ಯಾರ ಮುಂದೂ ಹೇಳಬ್ಯಾಡ, ಕೆಡಸಬ್ಯಾಡ.” ಆಮೇಲೆ ನನ್ನನ್ನು ನೋಡಿದಳು. ಅಂಥ ನೋಟವನ್ನು ನಾನು ಅವಳ ಕಣ್ಣಲ್ಲಿ ಹಿಂದೆ ಕಂಡಿರಲಿಲ್ಲ, ಮರೆಯುವುದೂ ಇಲ್ಲ. “ಆದ್ರ ನೀ ಭಾಳ ತಡಾ ಮಾಡಿದಿ ಕಸ್ತೂರಿ,” ಎಂದಳು. ಅಷ್ಟೇ. ಕಾಕಾ ಚಹಾ ಹಿಡಿದುಕೊಂಡು ಬಂದಾಗ ಅವಳು ಅವನನ್ನು ಕೇಳಿದ್ದು ಒಂದೇ ಮಾತು: “ಫಕ್ಕೀರಾ, ಪ್ಯಾಟ್ಯಾಗ ಮಾವಿನಕಾಯಿ ಬಂದಾವೇನೋ?”

ಮನೆಗೆ ಬಂದ ಮೂರನೆಯ ದಿನ ಅವಳು ಉಪ್ಪಿನಕಾಯಿಗೆ ಕೂತಳು. ಕಾಕಾ ತಂದ ಮೊದಲ ಬುಟ್ಟಿಯನ್ನು, ಕಾಯಿ ಬಲಿತಿಲ್ಲವೆಂದು ಬಯ್ದು ವಾಪಸು ಕಳಿಸಿದಳು. ಎರಡನೆಯದನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಆರಿಸಿದಳು. ಕತ್ತರಿಸಿ ಕೊಟ್ಟವಳು ನಾನು. ಉಪ್ಪು, ಖಾರ, ಸಾಸಿವೆ, ಮೆಂತ್ಯ ಹಾಕಿ, ಮೊಣಕೈವರೆಗೆ ಬಳೆ ಸರಿಸಿ, ಅವಳು ಭರಣಿಯೊಳಗೆ ಕೈ ಹಾಕಿ ಕಲಸಿದಳು. ನಡುನಡುವೆ ಉಸಿರಿಗಾಗಿ ನಿಲ್ಲುತ್ತಿದ್ದಳು. ಸಣ್ಣ ಭರಣಿ, ಎರಡು ಸೇರು ಹಿಡಿದರೆ ಹೆಚ್ಚು. ಬಾಯಿಗೆ ಬಿಳಿ ಅರಿವೆ ಕಟ್ಟಿ ನನ್ನ ಕಡೆ ದೂಡಿದಳು, ಜೊತೆಗೆ ಜೋಳದ ಡಬ್ಬಿಯನ್ನೂ ಬ್ಯಾಟರಿಯನ್ನೂ. “ಇವು ನಿನಗ. ಕೆಡಸಬ್ಯಾಡ.” ಶ್ರಾವಣ ಬರುವ ಮೊದಲೇ ಅವಳು ಹೋದಳು.

ಕಾಕಾ ಹೋದ ವರ್ಷದವರೆಗೂ ಇದ್ದ. ಕತೆ ಹೇಳುತ್ತಲೇ ಇದ್ದ, ಕೊನೆಕೊನೆಗೆ ಹೇಳುತ್ತಾ ಅಳುತ್ತಿದ್ದ. ನಾನು ಮಾತು ಉಳಿಸಿಕೊಂಡೆ. ಅವನ ದಿನಕರ್ಮ ಮುಗಿಸಿ ಬಂದ ಸಂಜೆ ಮನೆಯಲ್ಲಿ ನಿಲ್ಲಲಾಗದೆ ಓಡಾಡುತ್ತಿದ್ದೆ. ಡಬ್ಬಿ ತೆಗೆದೆ, ಶೆಲ್ಲು ಒರೆಸಿದೆ, ಮತ್ತೆ ಸುತ್ತಿ ಇಟ್ಟೆ. ಆಮೇಲೆ ಭರಣಿ ಇಳಿಸಿದೆ. ಆರು ವರ್ಷದಿಂದ ಹಬ್ಬಕ್ಕೊಮ್ಮೆ, ನೆನಪಾದಾಗೊಮ್ಮೆ ತೆಗೆದು, ತಳದಲ್ಲಿ ಒಂದೇ ಹೋಳು ಉಳಿದಿತ್ತು. ಕಪ್ಪಾಗಿತ್ತು, ಮೆತ್ತಗಾಗಿತ್ತು. ಬೆಳಕಿಗೆ ಹಿಡಿದು ಸುತ್ತಲೂ ನೋಡಿದೆ, ಎಲ್ಲಿಯೂ ಬೂಸ್ಟು ಇರಲಿಲ್ಲ. ಅನ್ನ ರೊಟ್ಟಿ ಏನೂ ಇಲ್ಲದೆ, ಅಡುಗೆಮನೆಯ ನೆಲದ ಮೇಲೆ ಕೂತು, ಅದನ್ನು ನಿಧಾನವಾಗಿ ತಿಂದೆ. ಕೆಟ್ಟಿರಲಿಲ್ಲ.